ಮೆಕ್ಕೆಜೋಳದ ಮಂಡಿಗೆ ಸಾಫ್ಟ್‌ವೇರ್: ಮೊದಲು ಯಾವುದು?

ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಗೆ ಸಾಫ್ಟ್‌ವೇರ್ ಮಾಡಲು ಹೊರಟರೆ ಮಾಲೀಕರು ಮೊದಲು ಕೇಳುವುದು ಮೊಬೈಲ್‌ನಲ್ಲಿ ದಿನದ ವಹಿವಾಟಿನ ಗ್ರಾಫ್. ಗುಮಾಸ್ತರನ್ನು ಕೇಳಿ ನೋಡಿ, ಕರೆಂಟ್ ಹೋದರೂ ಅರ್ಧ ಬರೆದ ಪಟ್ಟಿ (ರೈತರಿಗೆ ಕೊಡುವ ಬಿಲ್) ಉಳಿಯಬೇಕು ಅಂತಾರೆ. ಮೊದಲು ಆಗಬೇಕಾದ್ದು ಗುಮಾಸ್ತರ ಕೆಲಸ. ಪಟ್ಟಿ ಎರಡು ಸಲ ಕೈಕೊಟ್ಟರೆ ಅವರು ಖಾತೆ ಪುಸ್ತಕಕ್ಕೆ ವಾಪಸ್ ಹೋಗುತ್ತಾರೆ, ಗ್ರಾಫ್‌ಗೆ ಅಂಕಿಯೇ ಸಿಗುವುದಿಲ್ಲ.

ಬೇಡಿಕೆಗಳನ್ನು ಚೀಟಿಗೊಂದರಂತೆ ಬರೆದು ನಾಲ್ಕು ಗುಂಪು ಮಾಡಿ: ಬೇಕೇ ಬೇಕು, ಬೇಕು, ಇದ್ದರೆ ಒಳ್ಳೆಯದು, ಈ ಸಲ ಬೇಡ. ಸಾಫ್ಟ್‌ವೇರ್ ತಜ್ಞ ಡೈ ಕ್ಲೆಗ್ 1994ರಲ್ಲಿ ರೂಪಿಸಿದ ಮಾಸ್ಕೋ (MoSCoW: Must, Should, Could, Won't) ವಿಧಾನ ಇದೇ. ಎಲ್ಲರೂ ಎಲ್ಲವನ್ನೂ ಮೊದಲ ಗುಂಪಿಗೇ ತುಂಬುತ್ತಾರೆ. ಅದಕ್ಕೊಂದು ಮಿತಿ ಇಡಿ: ಒಟ್ಟು ಕೆಲಸದಲ್ಲಿ ‘ಬೇಕೇ ಬೇಕು’ 60% ದಾಟಬಾರದು. ‘ಇದಿಲ್ಲದೆ ನಾಳೆ ವ್ಯಾಪಾರ ನಡೆಯುತ್ತದಾ?’ ಎಂದು ಕೇಳಿ. ನಡೆಯುತ್ತದೆ ಅಂದರೆ ಆ ಚೀಟಿ ಕೆಳಗಿಳಿಯಲಿ.

ಉಳಿದದ್ದಕ್ಕೆ ಪ್ರತಿಯೊಬ್ಬರ ಕೈಗೂ 100 ಕಾಳು ಕೊಟ್ಟು ಚೀಟಿಗಳ ಮೇಲೆ ಹಂಚಲು ಹೇಳಿ. ಮಾಲೀಕರನ್ನೂ ಗುಮಾಸ್ತರನ್ನೂ ಒಟ್ಟಿಗೆ ಕೂರಿಸಬೇಡಿ, ಯಜಮಾನರ ಮುಂದೆ ಗುಮಾಸ್ತರ ಕಾಳು ಅವರ ಮಾತಿನ ಕಡೆಗೇ ವಾಲುತ್ತದೆ. ಎರಡೆರಡನ್ನು ಹೋಲಿಸುವ ವಿಧಾನ ಇನ್ನೂ ನಿಖರ, ಆದರೆ 20 ಬೇಡಿಕೆಗೆ 190 ಹೋಲಿಕೆ! ಕೊನೆಗುಳಿದ ಆರಕ್ಕೆ ಮಾತ್ರ ಮಾಡಿ, 15ರಲ್ಲಿ ಮುಗಿಯುತ್ತದೆ.

ರೈತರ ಕೈಯಲ್ಲಿ ಈಗಾಗಲೇ ಇರುವ ಫೋನೇ ಅಳತೆಗೋಲು. ಕೀನ್ಯಾದಲ್ಲಿ 2007ರಲ್ಲಿ ಶುರುವಾದ, ಫೋನಿನಲ್ಲೇ ಹಣ ಕಳಿಸುವ ಎಂ-ಪೆಸಾ ಸೇವೆ ಸಿಮ್‌ನೊಳಗಿನ ಮೆನುವಿನಿಂದಲೇ, ಇಂಟರ್ನೆಟ್ ಇಲ್ಲದೆ, ಸಾದಾ ಫೋನಿನಲ್ಲೂ ನಡೆಯಿತು. ಜಗಳೂರಿನಿಂದ ಮಾಲು ತಂದವರಿಗೆ ಆ್ಯಪ್‌ಗಿಂತ ಎಸ್ಸೆಮ್ಮೆಸ್ ಮೇಲು. ಆದರೆ ಇಂಗ್ಲಿಷ್‌ನಲ್ಲಿ 160 ಅಕ್ಷರ ಹಿಡಿಯುವ ಒಂದು ಎಸ್ಸೆಮ್ಮೆಸ್‌ಗೆ ಕನ್ನಡದಲ್ಲಿ 70 ಸ್ಥಾನ ಮಾತ್ರ, ಒತ್ತು, ಗುಣಿತ, ಸೊನ್ನೆ ಎಲ್ಲವೂ ಬೇರೆಬೇರೆ ಲೆಕ್ಕ. ‘ಕ್ವಿಂಟಾಲ್’ ಒಂದೇ 9 ಸ್ಥಾನ ತಿನ್ನುತ್ತದೆ, ‘ಕಿಲೋ’ ನಾಲ್ಕು. 70 ದಾಟಿದರೆ ಎರಡು ಮೆಸೇಜಿನ ದುಡ್ಡು. ಅಗ್ಗದ ಥರ್ಮಲ್ ಪ್ರಿಂಟರ್‌ಗಳಲ್ಲಿ ಕನ್ನಡ ಫಾಂಟ್ ಸಾಮಾನ್ಯವಾಗಿ ಇರುವುದಿಲ್ಲ, 58 ಮಿ.ಮೀ. ಕಾಗದಕ್ಕೆ 384 ಚುಕ್ಕೆ ಅಗಲದ ಚಿತ್ರವಾಗಿಯೇ ಪಟ್ಟಿ ಕಳಿಸಬೇಕು.

ನೆಟ್ ಇಲ್ಲದೆ ಎರಡು ಫೋನಿನಲ್ಲಿ ಬಿಲ್ ಹಾಕಿದರೆ ಒಂದೇ ನಂಬರ್ ಎರಡು ಕಡೆ ಬೀಳುತ್ತದೆ. ಫೋನಿಗೊಂದು ಸರಣಿ ಕೊಡಿ: ಅ-101, ಬ-101.

ಮಾಲು ಬರುವುದು ಏರುವ ಮುಂಚೆಯೇ, ಎರಡು ವಾರ ಪುಸ್ತಕ ಮತ್ತು ಸಾಫ್ಟ್‌ವೇರ್ ಜೊತೆಜೊತೆಗೆ ನಡೆಸಿ. ಒಟ್ಟು ತಾಳೆಯಾಗದಿದ್ದರೆ ತೂಕವನ್ನು ಎಲ್ಲಿ ಪೂರ್ಣಾಂಕ ಮಾಡುತ್ತಿದ್ದೀರಿ ಎಂಬುದನ್ನು ಮೊದಲು ನೋಡಿ. ಚೀಲಕ್ಕೆ 400 ಗ್ರಾಂ ಬಿಟ್ಟರೆ 40 ಚೀಲಕ್ಕೆ 16 ಕಿಲೋ. ಕ್ವಿಂಟಾಲ್‌ಗೆ 2,200 ರೂಪಾಯಿ ದರ ಅಂದುಕೊಂಡರೆ ರೈತರಿಗೆ 352 ರೂಪಾಯಿ ನಷ್ಟ. ಚೀಲದ ತೂಕವನ್ನು ಗ್ರಾಂ ಸಮೇತ ಕೂಡಿ, ಕೊನೆಯ ಮೊತ್ತವನ್ನು ಮಾತ್ರ ರೂಪಾಯಿಗೆ ಸರಿಮಾಡಿ. ಯಾರೂ ಕೇಳದಿದ್ದರೂ ಈ ಚೀಟಿ ‘ಬೇಕೇ ಬೇಕು’ ಗುಂಪಿನಲ್ಲೇ ಇರಲಿ.