ಪೇಟಿ ರಿಪೇರಿ: ತಿದಿ ಮುಗೀತು, ಬಾರಲ್ಲಿ ಕಚೇರಿಯೂ ಆಯ್ತು

ಹಳೇ ಪೇಟಿ, ಅಂದರೆ ಹಾರ್ಮೋನಿಯಂ, ಈಗ ಪೂರ್ತಿ ಜೋಡಣೆ ಆಗಿದೆ. ಮೂರೂವರೆ ಸಪ್ತಕ, 42 ಮನೆ (ಬೆರಳಲ್ಲಿ ಒತ್ತುವ ಕೀಲಿ), ಎರಡು ಸಾಲು ರೀಡು (ಗಾಳಿಗೆ ಅದುರಿ ಸ್ವರ ಕೊಡುವ ಲೋಹದ ನಾಲಿಗೆ). ಹಿತ್ತಾಳೆ ರೀಡುಗಳ ಕಿಲುಬು ತೆಗೆದಾಯ್ತು, ಮನೆಗಳ ಕೆಳಗಿನ ಫೆಲ್ಟು ಹೊಸದು. ಟ್ಯೂನಿಂಗ್ ಫೋನಿನ ಟ್ಯೂನರ್ ಇಟ್ಟುಕೊಂಡೇ ಮಾಡಿದೆ. ಸ್ವರ ಏರಿಸಬೇಕಾದರೆ ರೀಡಿನ ನಾಲಿಗೆಯ ತುದಿ ಒಂಚೂರು ಕೆರೆಯಬೇಕು, ಇಳಿಸಬೇಕಾದರೆ ರಿವೆಟ್ ಕಡೆಯ ಬುಡ. ಗಾಳಿ ತುಂಬುವ ತಿದಿಯ ಚರ್ಮ ಮಾತ್ರ ನನ್ನ ಕೈಲಾಗುವ ಕೆಲಸ ಅಲ್ಲ ಅಂತ ಗದಗಿನಲ್ಲಿ ಒಬ್ಬರಿಗೆ ಕೊಟ್ಟಿದ್ದೆ. ಮೊನ್ನೆ ಹೋಗಿ ಪೇಟಿ ತಂದೆ.

ಬರುವಾಗ ಮಳೆ. ಹುಬ್ಬಳ್ಳಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸಣ್ಣ ಬಾರಿಗೆ ಹೊಕ್ಕೆ. ನಾಲ್ಕೈದು ಟೇಬಲ್ಲು, ಗೋಡೆಗೆ ಟಿವಿ, ತಟ್ಟೆಯಲ್ಲಿ ಮಸಾಲೆ ಶೇಂಗಾ. ಪಕ್ಕದ ಟೇಬಲ್ಲಿನ ಹಿರಿಯರೊಬ್ಬರು ನನ್ನ ಪೆಟ್ಟಿಗೆಯನ್ನೇ ನೋಡುತ್ತಿದ್ದರು. "ಪೇಟಿ ಏನ್ರಿ ಅದು? ತೆಗೀರಿ ನೋಡೂಣು" ಅಂದರು. ನಾಟಕ ಕಂಪನಿಗಳಲ್ಲಿ ಕಾಲುಪೇಟಿ (ಕಾಲಲ್ಲಿ ತಿದಿ ಒತ್ತುವ ಹಾರ್ಮೋನಿಯಂ) ನುಡಿಸಿದವರಂತೆ. ಗದಗಿನಲ್ಲಿ ಇಂಥವರು ಸಿಗುವುದು ದೊಡ್ಡ ವಿಷಯ ಅಲ್ಲ. ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮಕ್ಕೇ ಸ್ವಂತ ನಾಟಕ ಕಂಪನಿ ಇದ್ದ ಊರು ಅದು. ಆದರೆ ಬಾರಿನಲ್ಲಿ, ನನ್ನದೇ ಪೇಟಿ ಮುಂದೆ ಕೂರುತ್ತಾರೆ ಅಂತ ಯಾರು ಅಂದುಕೊಳ್ಳುತ್ತಾರೆ ಹೇಳಿ!

ಕೂತವರು ಮೊದಲು ಒಂದು ಸ್ವರವನ್ನೂ ಒತ್ತಲಿಲ್ಲ. ರೀಡುಗಳಿಗೆ ಗಾಳಿ ಬಿಡುವ ಸ್ಟಾಪರ್ ಗುಂಡಿ ಎಲ್ಲ ಮುಚ್ಚಿ, ತಿದಿಯನ್ನು ಒಮ್ಮೆ ತುಂಬಿ, ಕೈ ಬಿಟ್ಟು ಸುಮ್ನೆ ನೋಡಿದರು. ಗಾಳಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ. "ಗಾಳಿ ಛಲೋ ಹಿಡದೈತಿ" ಅಂದರು. ನನಗೆ ಅಷ್ಟರಲ್ಲೇ ಖುಷಿ. ಆಮೇಲೆ ಸ್ಟಾಪರ್ ಎಳೆದು ಭೀಮಪಲಾಸ್ ರಾಗ ಶುರು ಮಾಡಿದರು. ಎಡಗೈ ತಿದಿಯನ್ನು ಪೂರ್ತಿ ತೆರೆಯುವುದೇ ಇಲ್ಲ, ಎರಡು ಬೆರಳಗಲದಲ್ಲಿ ಆಡುತ್ತಾ ಇರುತ್ತದೆ, ಸ್ವರ ಎಲ್ಲಿಯೂ ಉಬ್ಬುವುದಿಲ್ಲ ಕುಗ್ಗುವುದಿಲ್ಲ. ಮಾಲೀಕರು ತಾವೇ ಎದ್ದು ಟಿವಿ ಬಂದ್ ಮಾಡಿದರು.

ಎರಡು ರಂಗಗೀತೆ ಆದವು. ಅಷ್ಟರಲ್ಲಿ ಮೂಲೆಯ ಟೇಬಲ್ಲಿನಿಂದ ಒಬ್ಬರು ಕಣ್ಣು ಮುಚ್ಚಿಕೊಂಡು ತತ್ವಪದ ಎತ್ತಿದರು, ಅದೂ ಏರು ಶ್ರುತಿಯಲ್ಲಿ. ಪೇಟಿ ಮುಂದಿನ ಹಿರಿಯರು ಒಂದೆರಡು ಮನೆ ತಡವಿ ಕಾಳಿ ನಾಲ್ಕು (ನಾಲ್ಕನೇ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡ ಶ್ರುತಿ) ಹಿಡಿದುಬಿಟ್ಟರು. ಗ್ಲಾಸ್ ತೊಳೆಯುವ ಹುಡುಗ ಹಾಡಿದಾಗ ಕಾಳಿ ಒಂದಕ್ಕೆ ಇಳಿದರು. ಯಾರನ್ನೂ ಕೇಳಲಿಲ್ಲ. ಮೈಕ್ ಇಲ್ಲದ ಕಾಲದಲ್ಲಿ ನಟರು ಏರು ದನಿಯಲ್ಲೇ ಹಾಡಬೇಕಿತ್ತು, ಒಬ್ಬೊಬ್ಬರದು ಒಂದೊಂದು ಶ್ರುತಿ, ಪೇಟಿಯವರು ಆ ಕ್ಷಣಕ್ಕೆ ಹೊಂದಿಕೊಳ್ಳಬೇಕು. ಆ ಅಭ್ಯಾಸ ಕೈಯಲ್ಲಿ ಹಾಗೇ ಉಳಿದಿದೆ.

ಇದರಿಂದ ನನ್ನ ಒಂದು ಪ್ಲಾನ್ ಬದಲಾಯ್ತು. ಟ್ಯೂನರ್ ತೋರಿಸುವ ಗಾಂಧಾರ (ಗ ಸ್ವರ) ತಂಬೂರಿಯ ನಾದದಲ್ಲಿ ಕೇಳುವ ಗಾಂಧಾರಕ್ಕಿಂತ ತುಸು ಏರು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ನಿಷೇಧಿಸಿದ್ದಕ್ಕೆ ಇಂಥ ದೂರುಗಳೂ ಕಾರಣ. ಆ ಗಾಂಧಾರವನ್ನು ಕಾಳಿ ಒಂದಕ್ಕೆ ಸರಿಯಾಗಿ ಇಳಿಸಬೇಕು ಅಂತಿದ್ದೆ. ಈಗ ಬೇಡ. ಒಂದು ಶ್ರುತಿಗೆ ಸರಿ ಮಾಡಿದರೆ ಉಳಿದ ಶ್ರುತಿಗಳು ಕೆಡುತ್ತವೆ, ಅಲ್ವಾ? ಈ ಹಿರಿಯರು ಶುದ್ಧ ಗಾಂಧಾರದ ಮೇಲೆ ನಿಲ್ಲುವುದೇ ಇಲ್ಲ, ಮುಟ್ಟಿ ಮುಂದೆ ಹೋಗುತ್ತಾರೆ. ಷಡ್ಜ, ಪಂಚಮದ ಮೇಲೆ ಮಾತ್ರ ಬೇಕಾದಷ್ಟು ನಿಲ್ಲುತ್ತಾರೆ. ಈ ಪೇಟಿ ಯಾರಿಗೆ ಬೇಕಾದರೂ ಸಾಥ್ ಕೊಡುವಂತಿರಲಿ.

ಇನ್ನೊಂದು. ಮಂದ್ರದಲ್ಲಿ (ಕೆಳಗಿನ ಸಪ್ತಕದಲ್ಲಿ) ವೇಗದ ತಾನ್, ಅಂದರೆ ಸ್ವರಗಳ ಓಟ, ಬಂದಾಗ ಒಂದು ರೀಡು ತಡವಾಗಿ ಎದ್ದಿತು. ಟೇಬಲ್ ಮೇಲೆ ಒಂದೊಂದೇ ಮನೆ ನಿಧಾನ ಒತ್ತಿ ನೋಡುವಾಗ ಇದು ಗೊತ್ತಾಗುವುದಿಲ್ಲ. "ನಾಲಿಗಿ ಜಾಸ್ತಿ ಎದ್ದೈತ್ರಿ, ತುಸು ಒತ್ರಿ" ಅಂದರು. ಮನೆಗೆ ಬಂದು ಬಿಚ್ಚಿ ನೋಡಿದರೆ ಹೌದು, ನಾಲಿಗೆ ರೀಡಿನ ಪಟ್ಟಿಯಿಂದ ಉಳಿದವಕ್ಕಿಂತ ಮೇಲೆ ನಿಂತಿದೆ. ಜಾಸ್ತಿ ಒತ್ತಿದರೆ ಜೋರು ಗಾಳಿಗೆ ಸ್ವರವೇ ಹೊರಡುವುದಿಲ್ಲ, ಹಾಗಾಗಿ ಬ್ಲೇಡಿನ ತುದಿಯಲ್ಲಿ ಕೂದಲೆಳೆಯಷ್ಟು ಬಗ್ಗಿಸಿ, ಮತ್ತೆ ಕೂರಿಸಿ, ತಾನ್ ನುಡಿಸಿ ನೋಡುತ್ತಿದ್ದೇನೆ.

ಈ ವಾರ ಮಂದ್ರದ ಎಲ್ಲ ರೀಡುಗಳನ್ನೂ ಹೀಗೇ ನೋಡಬೇಕು. ಆಮೇಲೆ ಕಪ್ಲರ್ ತಂತಿಗಳು, ಒಂದು ಮನೆ ಒತ್ತಿದರೆ ಇನ್ನೊಂದು ಸಪ್ತಕದ ಅದೇ ಸ್ವರವನ್ನೂ ಒತ್ತುವಂಥವು. ಆ ಹಿರಿಯರು ಅದನ್ನೂ ಕೇಳಿದ್ದರು.