ಇಬ್ಬರಿಗೂ ವೆಜ್ ಅಂತ ಹಾಕಿಬಿಟ್ಟ

ಈ ವಾರವೆಲ್ಲ ನಮ್ಮನೆಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ದೇ ಮಾತು. ಅರಮನೆ, ಮ್ಯೂಸಿಯಂ ಏನೂ ಬೇಡ, ಸುಮ್ನೆ ತಿಂದುಕೊಂಡು ಬರೋಣ ಅಂತ ಹೊರಟವನು ನನ್ನ ಗಂಡನೇ. ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟು, ಇನ್ಶೂರೆನ್ಸು ಜೋಡಿಸೋದು ನಾನು. ಹೋಟೆಲ್ ಹುಡುಕೋದು ಅವನು. ಸುಲಭದ ಕೆಲಸ ಯಾವಾಗಲೂ ಅವನ ಪಾಲಿಗೇ ಬರುತ್ತದೆ.

ಜೆರೇನಿಯಂ ಅನ್ನೋ ಮೂರು ಮಿಷೆಲಿನ್ ಸ್ಟಾರ್ ಹೋಟೆಲ್‌ನವರು 2022ರಲ್ಲಿ ಮಾಂಸ ನಿಲ್ಲಿಸಿದರು ಅಂತ ಓದಿ ಕುಣಿದಾಡಿದ. ಅದು ಫುಟ್‌ಬಾಲ್ ಸ್ಟೇಡಿಯಂನ ಎಂಟನೇ ಮಹಡಿಯಲ್ಲಿದೆ. ಆಮೇಲೆ ನೋಡಿದರೆ ಮೀನು ನಿಲ್ಲಿಸಿಲ್ಲ. ಬೆಲೆ ನೋಡಿದ ಮೇಲಂತೂ ಮೀನಿನ ಚಿಂತೆಯೂ ಹೋಯಿತು. ಕೊನೆಗೆ ಒಂದು ಸಾಧಾರಣ ಸ್ಮೋರ್‌ಬ್ರೋಡ್ ಹೋಟೆಲ್‌ ಸಾಕು ಅಂದುಕೊಂಡೆವು. ಸ್ಮೋರ್‌ಬ್ರೋಡ್ ಅಂದರೆ ರೈ ಹಿಟ್ಟಿನ ಕಪ್ಪು ಬ್ರೆಡ್ಡು, ಬೆಣ್ಣೆ, ಅದರ ಮೇಲೆ ಏನಾದರೊಂದರ ರಾಶಿ. ಚಾಕು, ಫೋರ್ಕ್ ಹಿಡಿದೇ ತಿನ್ನಬೇಕು.

ಬುಕಿಂಗ್ ಫಾರ್ಮ್‌ನಲ್ಲಿ, ನೀವು ತಿನ್ನದೇ ಇರೋದು ಏನಾದರೂ ಇದೆಯಾ ಅಂತ ಒಂದು ಕಾಲಂ. ಇಬ್ಬರಿಗೂ ವೆಜ್ ಅಂತ ಹಾಕಿಬಿಟ್ಟ.

"ನಂದು ತೆಗಿ."

"ಯಾಕೆ? ನೀನು ಬಿಟ್ಟಿದೀಯ ಅಲ್ವಾ?"

"ಯಾವಾಗ ಬಿಟ್ಟೆ? ಈ ಮನೇಲಿ ಮಾಡಲ್ಲ, ಅಷ್ಟೇ."

ಬಿಟ್ಟಿದೀಯ ಅಲ್ವಾ! ಪಾತ್ರೆ ತೊಳೆಯುವಾಗ, ಟ್ರಾಫಿಕ್‌ನಲ್ಲಿ ನಿಂತಾಗ ಅದೇ ಕೇಳಿಸುತ್ತಿದೆ. ಅವನೇನು ಕೆಟ್ಟವನಲ್ಲ. ಅತ್ತೆಯೂ ಯಾವತ್ತೂ ತಿನ್ನಬೇಡ ಅಂದವರಲ್ಲ. ಬಂದವರ ಮುಂದೆ ಮಾತ್ರ, "ನಮ್ಮ ಸೊಸೆ ಪೂರ್ತಿ ನಮ್ಮ ಥರಾನೇ ಆಗಿಬಿಟ್ಲು" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಮಲ್ಪೆಯಲ್ಲಿ ಅಮ್ಮ ಬೂತಾಯಿ ಮೀನಿನ ಪುಳಿಮುಂಚಿ ಮಾಡಿದಾಗ ನನ್ನ ಪಕ್ಕದಲ್ಲೇ ಕೂತು ಸಾರನ್ನ ಉಂಡವನು ಇವನೇ. ಮುಳ್ಳು ಬಿಡಿಸೋದನ್ನ ನೋಡಿದ್ದಾನೆ. ಅದನ್ನು ತವರುಮನೆ ಲೆಕ್ಕಕ್ಕೆ ಬರೆದುಕೊಂಡಿದ್ದಾನೆ ಅಂತ ಕಾಣುತ್ತದೆ. ಘಟ್ಟ ಹತ್ತಿ ಬಂದ ಕೂಡಲೇ ಹೆಂಡತಿಯ ನಾಲಿಗೆಯೂ ಬದಲಾಗಬೇಕು. ಎಷ್ಟು ಮನೆಗಳಲ್ಲಿ ಹೀಗೇ ಇರಬಹುದು! ಮದುವೆಯಾಗಿ ಬಂದವಳು ಏನು ತಿನ್ನುತ್ತಾಳೆ ಅಂತ ಯಾರೂ ಕೇಳೋದಿಲ್ಲ. ನನ್ನನ್ನು ಕೇಳಿದವರು ಮುಖವನ್ನೇ ನೋಡದ ಡೆನ್ಮಾರ್ಕಿನ ಹೋಟೆಲ್‌ನವರು.

ಹೆರಿಂಗ್ ನಮ್ಮ ಬೂತಾಯಿಯ ಬಳಗದ್ದೇ ಮೀನು. ಅವರು ಅದನ್ನು ವಿನೆಗರ್, ಸಕ್ಕರೆಯಲ್ಲಿ ನೆನೆಸುತ್ತಾರೆ. ಕರಿ ಪುಡಿ ಹಾಕಿದ ಹಳದಿ ಸಾಸ್‌ನಲ್ಲೂ ಕೊಡುತ್ತಾರೆ, ಮೇಲೆ ಬೇಯಿಸಿದ ಮೊಟ್ಟೆ. ಸಿಹಿ ಸಿಹಿ ಮೀನು ನನಗೆ ಹಿಡಿಸುತ್ತೋ ಇಲ್ಲವೋ, ತಿಂದೇ ನೋಡಬೇಕು. ಅಲ್ಲಿನ ಕ್ರಮವೂ ಹಾಗೇ, ಹೆರಿಂಗ್ ಮೊದಲು, ಉಳಿದದ್ದೆಲ್ಲ ಆಮೇಲೆ. ಅವನಿಗೆ ಆಲೂಗಡ್ಡೆಯದು ಇದೆ, ಬೇಯಿಸಿದ ಬಿಲ್ಲೆಗಳ ಮೇಲೆ ಮಯೊನೀಸ್, ಹುರಿದ ಈರುಳ್ಳಿ. ಇನ್ನೊಂದು ದಿನ ಓರೆಸುಂಡ್ ಸೇತುವೆ ದಾಟಿ ರೈಲಿನಲ್ಲಿ ಸ್ವೀಡನ್ನಿನ ಮಾಲ್ಮೋಗೆ. ಮಧ್ಯಪ್ರಾಚ್ಯದಿಂದ ಬಂದು ನೆಲೆಸಿದವರಿಂದಾಗಿ ಆ ಊರು ಫಲಾಫೆಲ್‌ಗೆ ಹೆಸರುವಾಸಿ. ಅದು ಪೂರ್ತಿ ಅವನ ದಿನ, ನನ್ನ ತಕರಾರಿಲ್ಲ.

ಫಾರ್ಮ್ ತಿದ್ದಿ ಕಳಿಸಿದ. ನಿನ್ನೆ ರಾತ್ರಿ ಮೆಲ್ಲಗೆ ಕೇಳಿದ, "ಫ್ಯಾಮಿಲಿ ಗ್ರೂಪ್‌ಗೆ ಯಾವ ತಟ್ಟೆ ಫೋಟೊ ಹಾಕೋದು?"

"ಎರಡೂ ಹಾಕು. ನಿನ್ನ ಮಯೊನೀಸ್‌ನಲ್ಲಿ ಮೊಟ್ಟೆ ಇದೆ, ಅದನ್ನೂ ಬರಿ" ಅಂದೆ.