ವೇಗದ ಮಾತಿಗೆ ಮೊದಲು

ಇಂದು ಬೆಳಿಗ್ಗೆ ಮುಂಬಯಿಯ ಮಾಟುಂಗಾದ ಉಡುಪಿ ಹೋಟೆಲೊಂದರ ಗಲ್ಲಾದ ಮುಂದೆ ನಿಂತಿದ್ದ ಹಿರಿಯರ ಫೋನಿನಲ್ಲಿ 5ಜಿ ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ಕಾಫಿಯ ಹಣ ಪಾವತಿಸುವ ಚಕ್ರ ಮಾತ್ರ ಸುತ್ತುತ್ತಲೇ ಇತ್ತು.

"ಸ್ವಲ್ಪ ಬಾಗಿಲ ಬಳಿ ನಿಂತು ನೋಡಿ ಮಾರಾಯ್ರೆ" ಎಂದರು ಗಲ್ಲಾದವರು. ಹೊಸ್ತಿಲು ದಾಟಿದ ಕೂಡಲೇ ಹಣ ಹೋಯಿತು.

2022ರ ಅಕ್ಟೋಬರ್ 1ರಂದು ದೆಹಲಿಯಲ್ಲಿ 5ಜಿಗೆ ಚಾಲನೆ ದೊರೆತಾಗ ಮೊದಲ ನಗರಗಳ ಪಟ್ಟಿಯಲ್ಲೇ ಮುಂಬಯಿ ಇತ್ತು. ಸಿನಿಮಾ ಕ್ಷಣಾರ್ಧದಲ್ಲಿ ಇಳಿಯುತ್ತದೆ ಎಂಬ ಮಾತೇ ಎಲ್ಲೆಡೆ ಕೇಳಿಬರುತ್ತಿತ್ತು. ಆದರೆ 5ಜಿ ಹೆಚ್ಚಾಗಿ ಬಳಸುವ 3.5 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳು ಹೆಚ್ಚು ಡೇಟಾ ಹೊತ್ತರೂ, ಕಡಿಮೆ ಆವರ್ತನದ 700 ಅಥವಾ 900 ಮೆಗಾಹರ್ಟ್ಸ್‌ನವುಗಳಷ್ಟು ಸುಲಭವಾಗಿ ಕಾಂಕ್ರೀಟ್ ಗೋಡೆಗಳನ್ನು ದಾಟಲಾರವು. ಆದುದರಿಂದ ಕಟ್ಟಡಗಳು ಒತ್ತೊತ್ತಾಗಿ ನಿಂತಿರುವ ಈ ಊರಿಗೆ ಹೆಚ್ಚು ಟವರ್‌ಗಳ ಜೊತೆಗೆ ಕಟ್ಟಡದ ಒಳಗೂ ಸಣ್ಣ ಆಂಟೆನಾಗಳು ಬೇಕು.

ಈಗ 2030ರ ಸುಮಾರಿನ 6ಜಿಯ ಮಾತು ಶುರುವಾಗಿದೆ. ಸೆಕೆಂಡಿಗೆ ಎಷ್ಟು ಗಿಗಾಬಿಟ್ ಎಂಬ ಲೆಕ್ಕ ನನ್ನಂಥವರಿಗೆ ಅಷ್ಟೇನೂ ಮುಖ್ಯವಲ್ಲ. ನೆಲಮಹಡಿಯ ಅಂಗಡಿಯಲ್ಲಿ, ಲಿಫ್ಟಿನ ಪಕ್ಕದ ಕೋಣೆಯಲ್ಲಿ, ಸಂಜೆ ಕಾಲಿಡಲೂ ಜಾಗವಿಲ್ಲದ ದಾದರ್ ಪ್ಲಾಟ್‌ಫಾರ್ಮಿನಲ್ಲಿ ಸಂಪರ್ಕ ಉಳಿಯುತ್ತದೆಯೇ ಎಂಬುದನ್ನು ಕಂಪನಿಗಳು ಜಾಹೀರಾತಿಗೆ ಮೊದಲೇ ತಿಳಿಸಬೇಕೆಂಬುದು ನನ್ನ ನಿರೀಕ್ಷೆ.